ಗೋಲುಗಳ ಲೆಕ್ಕ ಇಟ್ಟವರು

1888ರ ಸೆಪ್ಟೆಂಬರ್ 8ರ ಶನಿವಾರ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆರಂಭವಾಯಿತು. ಹನ್ನೆರಡು ಕ್ಲಬ್‌ಗಳಲ್ಲಿ ಹತ್ತು ಅಂದು ಮೈದಾನಕ್ಕಿಳಿದವು. ಲೀಗಿನ ಚೊಚ್ಚಲ ಗೋಲು ಯಾರದು? ಪ್ರೆಸ್ಟನ್ ನಾರ್ತ್ ಎಂಡ್‌ನ ಜ್ಯಾಕ್ ಗಾರ್ಡನ್ ಎಂಬ ಹೆಸರು ಬಹುಕಾಲ ನಡೆದುಬಂತು. ತಮ್ಮದೇ ತಂಡದ ವಿರುದ್ಧ ಗೋಲು ಮಾಡಿಕೊಂಡ ಆಸ್ಟನ್ ವಿಲ್ಲಾದ ಗೆರ್ಷಮ್ ಕಾಕ್ಸ್ ಹೆಸರೂ ಬಂತು. ಐದು ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗಿರಲಿಲ್ಲ, ತೊಡಕು ಇದ್ದದ್ದು ಅಲ್ಲೇ. 2013ರಲ್ಲಿ ಸಂಶೋಧಕರು ಆ ಕಾಲದ ಪತ್ರಿಕೆಗಳನ್ನು ಹುಡುಕಿ ಓದಿ, ಪ್ರತಿ ಆಟ ಶುರುವಾದ ಗಳಿಗೆಯನ್ನು ತಾಳೆ ನೋಡಿದರು. ಮಧ್ಯಾಹ್ನ 3:47ಕ್ಕೆ ಗೋಲು ಹೊಡೆದ ಬೋಲ್ಟನ್ ವಾಂಡರರ್ಸ್‌ನ ಕೆನ್ನಿ ಡ್ಯಾವೆನ್‌ಪೋರ್ಟ್‌ಗೆ 125 ವರ್ಷಗಳ ಬಳಿಕ ಆ ಗೌರವ ಸಂದಿತು.

ಬ್ರಿಟಿಷ್ ಫುಟ್‌ಬಾಲಿನ ಅಂಕಿಅಂಶಗಳು ಬೆಳೆದು ಬಂದದ್ದೇ ಹೀಗೆ, ಹಳೆಯ ಕಾಗದಗಳನ್ನು ಪ್ರೀತಿಯಿಂದ ಕೆದಕಿದವರ ದುಡಿಮೆಯಿಂದ. ಸಿ. ಡಬ್ಲ್ಯು. ಆಲ್ಕಾಕ್ 1868ರಲ್ಲೇ ಫುಟ್‌ಬಾಲ್ ವಾರ್ಷಿಕವೊಂದನ್ನು ಹೊರತಂದಿದ್ದರು, ನಿಜ. ಆದರೆ ಆ ಕಾಲದ ಎಷ್ಟೋ ವರದಿಗಳಲ್ಲಿ ಗೋಲು ಹೊಡೆದವರ ಹೆಸರೇ ಇರುವುದಿಲ್ಲ. ನೂಕುನುಗ್ಗಲಿನಲ್ಲಿ ಗೋಲಾಯಿತು ಎಂದಷ್ಟೇ ಬರೆದು ಮುಗಿಸಿರುತ್ತಾರೆ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್‌ನಲ್ಲಿ ಆರ್ಬ್ರೋತ್ ತಂಡ ಬಾನ್ ಅಕಾರ್ಡನ್ನು 36-0ಯಿಂದ ಸೋಲಿಸಿತು. ಅದೇ ದಿನ ಡಂಡಿ ಹಾರ್ಪ್ ತಂಡ 35-0ಯಿಂದ ಗೆದ್ದಿತು. ಒಂದೇ ಒಂದು ಗೋಲಿನ ಅಂತರ ಒಂದು ಊರನ್ನು ದಾಖಲೆಯ ಪುಸ್ತಕಕ್ಕೆ ಸೇರಿಸಿತು, ಇನ್ನೊಂದನ್ನು ಮರೆಸಿತು.

ಲೆಕ್ಕದ ನಿಯಮ ಬದಲಾದರೆ ಚರಿತ್ರೆಯೂ ಬದಲಾಗುತ್ತದೆ. ಗೆಲುವಿಗೆ ಎರಡು ಅಂಕ ಎಂದು ಲೀಗ್ ತೀರ್ಮಾನಿಸಿದ್ದು ಮೊದಲ ಋತು ಶುರುವಾಗಿ ಎರಡು ತಿಂಗಳಾದ ಮೇಲೆ. ಅಂಕಗಳು ಸಮನಾದಾಗ, ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುವ ಸರಾಸರಿ ಪದ್ಧತಿ 1976ರವರೆಗೆ ನಡೆಯಿತು. ಅದರ ಕ್ರೌರ್ಯ ಅರಿಯಬೇಕಾದರೆ 1923-24ರ ಋತುವನ್ನು ನೋಡಬೇಕು. ಹಡರ್ಸ್‌ಫೀಲ್ಡ್ ಟೌನ್ ಮತ್ತು ವೇಲ್ಸ್‌ನ ಕಾರ್ಡಿಫ್ ಸಿಟಿ, ಎರಡಕ್ಕೂ 57 ಅಂಕ. ಹಡರ್ಸ್‌ಫೀಲ್ಡ್ 60 ಗೋಲು ಹೊಡೆದು 33 ಬಿಟ್ಟುಕೊಟ್ಟಿತ್ತು, ಕಾರ್ಡಿಫ್ 61 ಹೊಡೆದು 34 ಬಿಟ್ಟುಕೊಟ್ಟಿತ್ತು. ಸರಾಸರಿಯಲ್ಲಿ ಕೇವಲ 0.024ರಷ್ಟು ಮುಂದಿದ್ದ ಹಡರ್ಸ್‌ಫೀಲ್ಡ್ ಚಾಂಪಿಯನ್ ಆಯಿತು. ಇಂದಿನ ಕ್ರಮದಲ್ಲಿ ಇಬ್ಬರ ಗೋಲು ವ್ಯತ್ಯಾಸವೂ 27. ಹೆಚ್ಚು ಗೋಲು ಹೊಡೆದ ಕಾರ್ಡಿಫ್‌ಗೇ ಪಟ್ಟ. ಕೊನೆಯ ಪಂದ್ಯದಲ್ಲಿ ಕಾರ್ಡಿಫ್‌ನ ಲೆನ್ ಡೇವಿಸ್ ಪೆನಾಲ್ಟಿಯನ್ನು ಗೋಲಾಗಿಸಲು ವಿಫಲರಾಗಿದ್ದರು. ಆ ಕ್ಲಬ್ ಇಂಗ್ಲಿಷ್ ಲೀಗಿನ ಅಗ್ರಪಟ್ಟವನ್ನು ಇಂದಿಗೂ ಗೆದ್ದಿಲ್ಲ.

1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ಆಡುತ್ತಿದ್ದ ಪಂದ್ಯದಲ್ಲಿ ವಾಯುಪಡೆಯ ಲೆಕ್ಕಾಧಿಕಾರಿ ಚಾರ್ಲ್ಸ್ ರೀಪ್ ಪೆನ್ಸಿಲ್ ಹಿಡಿದು ಪ್ರತಿ ಪಾಸನ್ನೂ ಗುರುತು ಹಾಕತೊಡಗಿದರು. ಎರಡು ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನು ಹೀಗೆ ದಾಖಲಿಸಿದರು. ಉದ್ದ ಪಾಸುಗಳ ಆಟವೇ ಮೇಲೆಂಬ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅವರ ಶ್ರದ್ಧೆಗೆ ತಲೆಬಾಗುತ್ತೇನೆ. 1996ರಲ್ಲಿ ಹುಟ್ಟಿದ ಆಪ್ಟಾ ಸಂಸ್ಥೆ ಮಾಡುತ್ತಿರುವುದು ಇದೇ ಕೆಲಸವನ್ನು, ಕಂಪ್ಯೂಟರಿನಲ್ಲಿ.

ಕ್ಲಬ್‌ಗಳ ದಾಖಲೆಗೆ ಗಟ್ಟಿ ನೆಲೆ ಸಿಕ್ಕಿದ್ದು 1970ರಲ್ಲಿ ರಾಥ್‌ಮನ್ಸ್ ವಾರ್ಷಿಕ ಬಂದ ಮೇಲೆ. ಜ್ಯಾಕ್ ರೋಲಿನ್ ದಶಕಗಳ ಕಾಲ ಅದನ್ನು ಸಂಪಾದಿಸಿದರು. 1978ರಲ್ಲಿ ರೇ ಸ್ಪಿಲ್ಲರ್ ಫುಟ್‌ಬಾಲ್ ಅಂಕಿಅಂಶಕಾರರ ಸಂಘ ಕಟ್ಟಿದರು. ಊರೂರಿನ ಅಭಿಮಾನಿಗಳು ಗ್ರಂಥಾಲಯಗಳಲ್ಲಿ ಕುಳಿತು ತಮ್ಮ ಕ್ಲಬ್ಬಿನ ಪ್ರತಿ ಪಂದ್ಯ, ಪ್ರತಿ ಆಟಗಾರನ ಪಟ್ಟಿ ಸಿದ್ಧಪಡಿಸಿದರು.

ಈ ದುಡಿಮೆಗೆ ದೊಡ್ಡ ಪೆಟ್ಟು ಬಿದ್ದದ್ದು 1992ರಲ್ಲಿ. ಪ್ರೀಮಿಯರ್ ಲೀಗ್ ಹುಟ್ಟಿದ ಮೇಲೆ ದಾಖಲೆಗಳೆಲ್ಲ ಅಂದೇ ಶುರುವಾದವೆಂಬಂತೆ ಹೇಳುವ ರೂಢಿ ಬಂತು. ಇದು ಅನ್ಯಾಯ. 1927-28ರಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ ಒಂದೇ ಲೀಗ್ ಋತುವಿನಲ್ಲಿ 60 ಗೋಲು ಹೊಡೆದರು. ಅಲನ್ ಶಿಯರರ್ ಅವರ 260 ಪ್ರೀಮಿಯರ್ ಲೀಗ್ ಗೋಲುಗಳು ದೊಡ್ಡ ಸಾಧನೆಯೇ. ಆದರೆ ಇಂಗ್ಲೆಂಡಿನ ಅಗ್ರ ದರ್ಜೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು ಜಿಮ್ಮಿ ಗ್ರೀವ್ಸ್. ಅವರ ಲೆಕ್ಕ 357.