ಗ್ರಹಣದ ಹೊತ್ತಿಗೆ ಮಣ್ಣಿನಲ್ಲಿ ಹೂತರೆ ಅಂಗವೈಕಲ್ಯ ಹೋಗುತ್ತದೆಯೇ? ನಂಬಿಕೆ ಸಾಂತ್ವನವೋ, ಹಿಡಿತವೋ?

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂದು ಅಂಗವಿಕಲ ಮಕ್ಕಳನ್ನು ಹೆತ್ತವರೇ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಹಾಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಹಳೆಯದು.

ಮೊದಲು ವಿಜ್ಞಾನದ ಮಾತು. ಗ್ರಹಣವೆಂದರೆ ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಬರುವುದು, ಅಷ್ಟೇ. ಆಗ ಹೊಸ ಕಿರಣವೇನೂ ಹುಟ್ಟುವುದಿಲ್ಲ. ಬರುವ ಬೆಳಕೇ ಸ್ವಲ್ಪ ಕಡಿಮೆಯಾಗುತ್ತದೆ. ಮಣ್ಣಿನ ಗುಣವೂ ಬದಲಾಗುವುದಿಲ್ಲ. ಮಕ್ಕಳ ಅಂಗವೈಕಲ್ಯಕ್ಕೆ ಮುಖ್ಯ ಕಾರಣಗಳಲ್ಲೊಂದಾದ ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಬೆಳೆಯುವ ಮಿದುಳಿಗೆ. ಕಾಲಿಗೆ ಮಣ್ಣು ಮೆತ್ತಿದರೆ ಅದು ಸರಿಹೋಗದು. ಬದಲಿಗೆ ಎದೆಯ ಸುತ್ತ ಮಣ್ಣು ಒತ್ತಿ ಉಸಿರಾಟಕ್ಕೇ ತೊಂದರೆಯಾಗಬಹುದು.

ಹಾಗಾದರೆ ಆ ತಂದೆತಾಯಿ ಕ್ರೂರಿಗಳೇ? ನಮಗೆ ಹಾಗನ್ನಿಸುವುದಿಲ್ಲ. ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರ್. ನಡೆಯಲಾರದ ಮಗುವನ್ನು ಎತ್ತಿಕೊಂಡು ಫಿಸಿಯೋಥೆರಪಿಗೆ ವಾರ ವಾರವೂ ಬಸ್ಸು ಹತ್ತುವುದೆಂದರೆ ಆ ದಿನದ ಕೂಲಿ ಹೋದಂತೆ. ಫಲ ಕಾಣಲು ವರ್ಷಗಳೇ ಬೇಕು. ಗ್ರಹಣ ಕೇಳುವುದು ಒಂದೇ ಒಂದು ಬೆಳಗು. ಹೆತ್ತವರಿಗೆ ಅದು ಭರವಸೆ, ಸಾಂತ್ವನ. ಆದರೆ ಮಣ್ಣಿನೊಳಗೆ ಇರುವವರು ಅವರಲ್ಲ. ಬೇಡ ಎನ್ನಲಾಗದ ಮಗುವಿನ ಪಾಲಿಗೆ ಅದೇ ನಂಬಿಕೆ ಪೂರ್ತಿ ಹಿಡಿತ.

ಧರ್ಮ ಸಾಂತ್ವನ ಕೊಡುವುದೇ ಸುಳ್ಳು ಎಂದೇನೂ ಅಲ್ಲ. ಶರಣಬಸವೇಶ್ವರ ಗುಡಿಯಲ್ಲೋ ಖಾಜಾ ಬಂದೇನವಾಜ್ ದರ್ಗಾದಲ್ಲೋ ಅರ್ಧ ಗಂಟೆ ಕೂತು ಮನಸ್ಸು ಹಗುರ ಮಾಡಿಕೊಂಡು ಬರುವವರು ಕಲಬುರಗಿಯಲ್ಲಿ ಬೇಕಾದಷ್ಟಿದ್ದಾರೆ. ಅದರಿಂದ ಯಾರಿಗೂ ನಷ್ಟವಿಲ್ಲ. ನಂಬಿಕೆಯ ಬಗೆ ಮಾತ್ರ ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆಯಲ್ಲಿದ್ದ ಸುಮಾರು 600 ಹಿರಿಯ ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಪ್ರಕಟಿಸಿದರು. ದೇವರು ತಮ್ಮನ್ನು ಕೈಬಿಟ್ಟ, ಇದು ದೆವ್ವದ ಕೆಲಸ ಎಂದು ಕೊರಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ನಮ್ಮಲ್ಲಿ ಅಂಗವಿಕಲ ಮಗುವಿನ ತಾಯಿಗೆ ‘ಹಿಂದಿನ ಜನ್ಮದ ಕರ್ಮ’ ಎಂದು ಹೇಳುವವರು ಇದನ್ನು ಗಮನಿಸಬೇಕು. ಆ ಮಾತು ಸಮಾಧಾನದಂತೆ ಕೇಳಿಸುತ್ತದೆ, ತಪ್ಪನ್ನು ಮಾತ್ರ ತಾಯಿಯ ತಲೆಗೆ ಕಟ್ಟುತ್ತದೆ. ಹರಕೆ ಫಲಿಸದಿದ್ದರೂ ‘ಭಕ್ತಿ ಸಾಲಲಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಂದೂ ಸೋಲದ ಇಂಥ ಚಿಕಿತ್ಸೆಯ ಬಗ್ಗೆ ಎಚ್ಚರವಿರಲಿ.

ಕಾನೂನು ಏನನ್ನುತ್ತದೆ? ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಕರ್ನಾಟಕದ ಕಾಯ್ದೆಗೆ ವಿಧಾನಮಂಡಲ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಅಂದರೆ ಆ ಗ್ರಹಣ ಕಳೆದ ಕೆಲವೇ ದಿನಗಳಿಗೆ! ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಅದು ಮುಟ್ಟುವುದಿಲ್ಲ. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು ಅಪರಾಧವೆನ್ನುತ್ತದೆ. ಗೆರೆ ಎಳೆದಿರುವುದು ಸರಿಯಾದ ಜಾಗದಲ್ಲೇ ಎಂಬುದು ನಮ್ಮ ಅಭಿಪ್ರಾಯ.

ಮಗು ಆರು ತಿಂಗಳಾದರೂ ಕತ್ತು ನಿಲ್ಲಿಸದಿದ್ದರೆ, ವರ್ಷ ತುಂಬಿದರೂ ಕೂರದಿದ್ದರೆ ಮುಂದಿನ ಗ್ರಹಣಕ್ಕೆ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ತಂಡ ಯಾವಾಗ ಬರುತ್ತದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.