ನರುಳಿ ಮತ್ತು ದಾಂಪತ್ಯ: ಒಂದು ಸಂಶಯದ ಇತಿಹಾಸ

ಕೆಲವು ರೋಗಗಳು ದೇಹಕ್ಕಿಂತ ಹೆಚ್ಚಾಗಿ ಮನೆಯನ್ನು ಕಾಡುತ್ತವೆ. ಗುಪ್ತಾಂಗದ ನರುಳಿ ಅಂಥವುಗಳಲ್ಲೊಂದು. ಹತ್ತು ಹನ್ನೆರಡು ವರ್ಷ ಅನ್ಯೋನ್ಯವಾಗಿ ಸಂಸಾರ ನಡೆಸಿದ ಗಂಡ ಹೆಂಡಿರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಂಡರೆ, ಔಷಧದ ಮಾತಿಗೆ ಮೊದಲೇ “ಇದು ಎಲ್ಲಿಂದ ಬಂತು?” ಎಂಬ ಪ್ರಶ್ನೆ ಏಳುತ್ತದೆ. ಊರು ಬಿಟ್ಟು ಬಂದ ನಮಗೆ ಇಂಥ ಸಂಕಟ ಹೇಳಿಕೊಳ್ಳಲು ಹಿರಿಯರು ಹತ್ತಿರವಿಲ್ಲ. ವೈದ್ಯರೆದುರು ಪರಭಾಷೆಯಲ್ಲಿ ಬಾಯಿ ಬಿಡಲು ಸಂಕೋಚ. ಆದ್ದರಿಂದ ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ನಾವು ಒಮ್ಮೆ ಅವಲೋಕಿಸುವುದು ಉಚಿತ.

ವ್ಯಾಧಿಯೇನೋ ಹಳೆಯದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಅರ್ಶಸ್ಸಿನ ವಿಚಾರ ಬರುವಾಗ, ಗುಹ್ಯಾಂಗಗಳಲ್ಲಿ ಏಳುವ ಕೊಡೆಯಾಕಾರದ ಮಾಂಸಾಂಕುರಗಳ ವರ್ಣನೆಯೂ ಇದೆ. ಪ್ರಾಚೀನ ರೋಮಿನ ಜನ ಇಂಥ ಗಂಟುಗಳನ್ನು ಅಂಜೂರದ ಹಣ್ಣಿಗೆ ಹೋಲಿಸಿದರು. ಕವಿ ಮಾರ್ಷಿಯಲ್ ಅದನ್ನೇ ಹಿಡಿದು ಪರಿಹಾಸದ ಪದ್ಯ ಕಟ್ಟಿದ. ರೋಗದ ಜೊತೆಗೆ ಶೀಲದ ಗೇಲಿ ಸೇರಿಕೊಂಡದ್ದು ಸುಮಾರು 1,900 ವರ್ಷಗಳ ಹಿಂದೆಯೇ ಎಂದಾಯಿತು. ಹದಿನೈದನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ಸಿಫಿಲಿಸ್ ಹಬ್ಬಿದ ಮೇಲೆ ನರುಳಿಯನ್ನೂ ಅದರದೇ ಶಾಖೆಯೆಂದು ಎಣಿಸಿದರು. ಮುಂದೆ ಗೊನೋರಿಯಾದ ಸ್ರಾವದಿಂದ ಹುಟ್ಟುವುದೆಂದರು.

1907ರಲ್ಲಿ ಇಟಲಿಯ ಚುಫೋ ಎಂಬ ವೈದ್ಯ ಮಾಮೂಲು ನರುಳಿಯ ರಸವನ್ನು, ಬ್ಯಾಕ್ಟೀರಿಯಾ ದಾಟಲಾರದಷ್ಟು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿ, ತನ್ನ ಚರ್ಮಕ್ಕೇ ಚುಚ್ಚಿಕೊಂಡ. ಅಲ್ಲಿ ನರುಳಿ ಎದ್ದಿತು. ಕಾರಣ ವೈರಸ್ ಎಂಬುದಕ್ಕೆ ಇದು ಆಧಾರವಾಯಿತು. ಆದರೆ ಗುಪ್ತಾಂಗದ ನರುಳಿ ದೈಹಿಕ ಸಂಪರ್ಕದಿಂದ ಹರಡುವುದೇ ಎಂಬ ವಾದ ಮುಗಿಯಲಿಲ್ಲ.

ಅದಕ್ಕೆ ಉತ್ತರ ಬಂದದ್ದು ಯುದ್ಧದ ದೆಸೆಯಿಂದ. ಕೊರಿಯಾದ ಕಡೆಯಿಂದ ಮರಳಿದ ಅಮೆರಿಕದ ಸೈನಿಕರ ಪತ್ನಿಯರಲ್ಲಿ ಕೆಲವೇ ವಾರಗಳಲ್ಲಿ ನರುಳಿ ಕಾಣಿಸಿಕೊಂಡಿತು. ಇಂಥ 24 ಮಂದಿಯ ವೃತ್ತಾಂತವನ್ನು ಬ್ಯಾರೆಟ್ ಮತ್ತು ಸಂಗಡಿಗರು 1954ರಲ್ಲಿ ಪ್ರಕಟಿಸಿದರು. 1971ರಲ್ಲಿ ಲಂಡನ್ನಿನ ಓರಿಯಲ್ ಇನ್ನಷ್ಟು ವಿವರವಾಗಿ ಲೆಕ್ಕ ಹಾಕಿದರು: ಸಂಪರ್ಕದಿಂದ ನರುಳಿಯವರೆಗೆ ಮೂರು ವಾರದಿಂದ ಎಂಟು ತಿಂಗಳು, ಸಂಗಾತಿಗಳಲ್ಲಿ ನೂರಕ್ಕೆ 64 ಮಂದಿಗೆ ನರುಳಿ.

ಈ ಅಂಕಿಗಳು ಸುಳ್ಳಲ್ಲ. ಆದರೆ ಅವುಗಳಿಂದ ಮನೆಗಳಲ್ಲಿ ಹುಟ್ಟಿದ ಗಣಿತ ಬೇರೆ: ಇಂದು ನರುಳಿ ಬಂದಿದೆ, ಎಂಟು ತಿಂಗಳೊಳಗೆ ಯಾರೋ ತಪ್ಪಿದ್ದಾರೆ! ಓರಿಯಲ್ ಎಣಿಸಿದ್ದು ಕಣ್ಣಿಗೆ ಕಂಡ ನರುಳಿಗಳನ್ನು ಮಾತ್ರ. ವೈರಸ್ ಒಳಹೊಕ್ಕೂ ಏನೂ ತೋರದವರನ್ನು ಎಣಿಸುವ ಸಾಧನ ಅಂದು ಇರಲಿಲ್ಲವಲ್ಲ?

ಆ ಸಾಧನ ದೊರೆತದ್ದು ವೈರಸ್ಸಿನ ಡಿ.ಎನ್.ಎ. ಕೈಗೆ ಸಿಕ್ಕಾಗ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರ ತಂಡ 1980ರಲ್ಲಿ ಗುಪ್ತಾಂಗದ ನರುಳಿಯಿಂದ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ, ಅಂದರೆ ಎಚ್.ಪಿ.ವಿ.ಯ, 6ನೆಯ ಬಗೆಯನ್ನು ಬೇರ್ಪಡಿಸಿತು. 1983 ಮತ್ತು 1984ರಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ 16 ಹಾಗೂ 18ನೆಯ ಬಗೆಗಳನ್ನು ಹೊರತೆಗೆದಿತು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಈ ಕ್ಯಾನ್ಸರ್ ವಿವಾಹಿತೆಯರಲ್ಲಿ ಹೆಚ್ಚು, ಸಂನ್ಯಾಸಿನಿಯರಲ್ಲಿ ವಿರಳ ಎಂದು ವೆರೋನಾ ನಗರದ ಮರಣಪಟ್ಟಿ ನೋಡಿ ರಿಗೋನಿ-ಸ್ಟರ್ನ್ 1842ರಲ್ಲಿಯೇ ಹೇಳಿದ್ದರ ಮರ್ಮ ಹೀಗೆ ಬಯಲಾಯಿತು. ಇಂದು 200ಕ್ಕೂ ಮೇಲ್ಪಟ್ಟ ಬಗೆಗಳು ತಿಳಿದಿವೆ. ನರುಳಿಗಳಲ್ಲಿ ನೂರಕ್ಕೆ ಸುಮಾರು 90 ಆಗುವುದು 6 ಮತ್ತು 11ರಿಂದ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಆಗುವುದು 16 ಮತ್ತು 18ರಿಂದ. ನರುಳಿಯೇ ಕ್ಯಾನ್ಸರಾಗುವುದೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ದಾಂಪತ್ಯಕ್ಕೆ ಮುಖ್ಯವಾದ ಮಾತು ಬಂದದ್ದು 1985ರಲ್ಲಿ. ನರುಳಿಯನ್ನು ಲೇಸರಿನಿಂದ ಸುಟ್ಟ ಮೇಲೂ, ಸುತ್ತಲಿನ ನಿರೋಗಿಯಂತೆ ಕಾಣುವ ಚರ್ಮದಲ್ಲಿ ವೈರಸ್ ಅಡಗಿರುವುದನ್ನು ಫೆರೆಂಜಿ ಮತ್ತು ಸಂಗಡಿಗರು ತೋರಿಸಿದರು. ಇಂದು ನಮಗೆ ತಿಳಿದಿರುವಂತೆ, ಸೋಂಕು ತಗಲಿದ ಬಹುಮಂದಿಗೆ ನರುಳಿ ಏಳುವುದೇ ಇಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ದೇಹವೇ ಅದನ್ನು ಹತೋಟಿಗೆ ತರುತ್ತದೆ. ಕೆಲವರಲ್ಲಿ ಮಾತ್ರ ಅದು ಬೂದಿ ಮುಚ್ಚಿದ ಕೆಂಡದಂತೆ ಉಳಿದು, ಗರ್ಭಧಾರಣೆಯಲ್ಲೋ ರೋಗನಿರೋಧಕ ಶಕ್ತಿ ಕುಂದಿದಾಗಲೋ, ವರ್ಷಗಳ ನಂತರ ತಲೆಯೆತ್ತಬಹುದು. ಆದಕಾರಣ ನರುಳಿ ತಾರೀಖು ಹೇಳುವುದಿಲ್ಲ. ಅದು ಮದುವೆಗೆ ಮುಂಚಿನದಿರಬಹುದು, ಈಚಿನದೂ ಇರಬಹುದು. ಯಾರ ಮೂಲಕ ಬಂತೆಂಬುದನ್ನು ಯಾವ ಪರೀಕ್ಷೆಯೂ ತೀರ್ಮಾನಿಸದು. ಮಾಯವಾದದ್ದು ಮರುಕಳಿಸಿತೆಂದರೆ ಹೊಸ ಸಂಪರ್ಕವಾಯಿತೆಂದೂ ಅರ್ಥವಲ್ಲ.

ಮಾಡತಕ್ಕದ್ದು ಸರಳ. ಕೈಕಾಲಿನ ನರುಳಿಗೆ ಅಂಗಡಿಯಲ್ಲಿ ಮಾರುವ ಆಮ್ಲವನ್ನು ಇಲ್ಲಿ ಹಚ್ಚಬಾರದು. ಇಬ್ಬರೂ ಕೂಡಿ ವೈದ್ಯರನ್ನು ಕಾಣಬೇಕು. ನರುಳಿ ಇರಲಿ ಬಿಡಲಿ, ಮೂವತ್ತು ದಾಟಿದ ಹೆಂಗಸರು ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಮ್ಮ ಬೀದರ್‌ಗೆ ಹೊಂದಿದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, ಸುಮಾರು 1.3 ಲಕ್ಷ ಸ್ತ್ರೀಯರನ್ನೊಳಗೊಂಡ ಅಧ್ಯಯನ ನಡೆಯಿತು. ಒಂದೇ ಒಂದು ಎಚ್.ಪಿ.ವಿ. ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಇನ್ನು ಲಸಿಕೆ. 2006ರಲ್ಲಿ ಹೊರದೇಶದಲ್ಲಿ ಬಳಕೆಗೆ ಬಂದದ್ದು, 2022ರಲ್ಲಿ ಪುಣೆಯ ಸೀರಮ್ ಸಂಸ್ಥೆಯದೇ ತಯಾರಿಕೆಯಾಗಿ ಅನುಮತಿ ಪಡೆಯಿತು. ಅದು 6, 11, 16, 18 ನಾಲ್ಕನ್ನೂ ತಡೆಯುತ್ತದೆ. ಹೊಕ್ಕ ಸೋಂಕನ್ನು ಅದು ಗುಣಪಡಿಸದು. ಆದ್ದರಿಂದ ಅದರ ಪೂರ್ಣ ಫಲ ನಮ್ಮ ಮಕ್ಕಳಿಗೆ. ಆಸ್ಟ್ರೇಲಿಯಾದಲ್ಲಿ 2007ರಿಂದ ಹುಡುಗಿಯರಿಗೆ ಕೊಡತೊಡಗಿದ ಮೇಲೆ, ಲಸಿಕೆ ಪಡೆಯದ ತರುಣರಲ್ಲಿಯೂ ನರುಳಿ ಇಳಿಯಿತು.

ಎರಡು ಸಾವಿರ ವರ್ಷ ಈ ರೋಗವನ್ನು ಜನ ಮೊದಲು ಗೇಲಿಯಿಂದ, ಆಮೇಲೆ ತೀರ್ಪಿನಿಂದ ನೋಡಿದರು. ಕಾರಣ ತಿಳಿದ ಮೇಲೂ ನಾವು ಹಾಗೆಯೇ ನೋಡಿದರೆ ಅದು ರೋಗದ ತಪ್ಪಲ್ಲ. ಗಂಡ ಹೆಂಡಿರ ನಡುವೆ ನಂಬಿಕೆಯ ಪ್ರಶ್ನೆ ಎದ್ದರೆ ಅದನ್ನು ಅವರೇ ಮಾತಾಡಿ ಬಗೆಹರಿಸಿಕೊಳ್ಳಲಿ. ನರುಳಿಯನ್ನು ಸಾಕ್ಷಿಗೆ ಕರೆಯುವುದು ಬೇಡ.