ಕೊಳದ ಅಂಚಿನ ಹೂವು

ಪಾಠ ಹೇಳುತ್ತಿದ್ದ ದಿನಗಳಲ್ಲಿ ಇಂಗ್ಲಿಷ್ ಚಿತ್ರಕಾರ ಮಿಲೇ ಬರೆದ ‘ಒಫೀಲಿಯಾ’ ಚಿತ್ರದ ಪ್ರತಿಯೊಂದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತದ್ದುಂಟು. ಹ್ಯಾಮ್ಲೆಟ್ ನಾಟಕದ ಆ ನತದೃಷ್ಟ ಹೆಣ್ಣು ಹೊಳೆಯಲ್ಲಿ ತೇಲುತ್ತಿದ್ದಾಳೆ. ದಡದಲ್ಲಿ ನೇರಳೆಗೆಂಪು ಹೂಗೊಂಚಲುಗಳು ನಿಂತಿವೆ. 1851ರಲ್ಲಿ ಸರ್ರೆಯ ಹಾಗ್ಸ್‌ಮಿಲ್ ಹೊಳೆಯ ಬಳಿ ಕುಳಿತು ಕಲಾವಿದ ಆ ದಡವನ್ನು ಬರೆದ. ಹೂವಿನ ಹೆಸರು ಪರ್ಪಲ್ ಲೂಸ್‌ಸ್ಟ್ರೈಫ್. ಕೆಸರುನೆಲದಲ್ಲಿ ಆಳೆತ್ತರ ಬೆಳೆದು, ಬೇಸಗೆಯಲ್ಲಿ ಅರಳಿ, ಚಳಿಗೆ ಒಣಗಿ, ಅದೇ ಬೇರಿನಿಂದ ಮರುವರ್ಷ ಚಿಗುರುವ ಗಿಡವದು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಅಟ್ಲಾಂಟಿಕ್ ದಾಟಿತು. ಹಡಗಿನ ಸಮತೂಕಕ್ಕೆಂದು ತುಂಬಿದ ಮಣ್ಣಿನೊಡನೆ ಹೋದದ್ದು ಕೆಲವು. ತೋಟದ ಚೆಲುವಿಗೆಂದು ಜನ ಕೈಯಾರೆ ಒಯ್ದದ್ದು ಕೆಲವು. ಯೂರೋಪಿನಲ್ಲಿ ಅದರ ಎಲೆ ತಿಂದು ಹದ್ದಿನಲ್ಲಿಡುತ್ತಿದ್ದ ಜೀರುಂಡೆಗಳು ಮಾತ್ರ ಜೊತೆಗೆ ಹೋಗಲಿಲ್ಲ. ಬಲಿತ ಗಿಡವೊಂದು ವರ್ಷಕ್ಕೆ 20 ಲಕ್ಷಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲುದು. ಅಮೆರಿಕದ ಜೌಗುನೆಲಗಳಲ್ಲಿ ಆಪುಹುಲ್ಲು ಹಿಂದೆ ಸರಿಯಿತು. ಕೊನೆಗೆ 1992ರಲ್ಲಿ ಆ ಜೀರುಂಡೆಗಳನ್ನೇ ತರಿಸಿ ಬಿಡಬೇಕಾಯಿತು.

ಕೊಳದ ಅಂಚಿಗೆ ಹೂ ನೆಡುವವರು ಮೊದಲು ಅದರ ತವರನ್ನು ವಿಚಾರಿಸಬೇಕು. ಈ ಮಾತನ್ನು ನಾನು ಉಪದೇಶವಾಗಿ ಹೇಳುತ್ತಿಲ್ಲ. ದಕ್ಷಿಣ ಅಮೆರಿಕ ಮೂಲದ, ತಿಳಿನೇರಳೆ ಹೂವಿನ ಅಂತರಗಂಗೆಯ ಬುಡವೊಂದನ್ನು ಬಾಲ್ಯದಲ್ಲಿ ನಮ್ಮೂರ ಕೆರೆಗೆ ತಂದು ಬಿಟ್ಟವನು ನಾನು. ಕೆಲವೇ ವರ್ಷಗಳಲ್ಲಿ ನೀರೇ ಕಾಣದಾಯಿತು. ನನ್ನ ತಾಯಿ ಪ್ರತಿದಿನ ಕೊಡದ ತಳದಿಂದ ಆ ಗಿಡಗಳನ್ನು ಸರಿಸಿ ನೀರು ಮೊಗೆಯುತ್ತಿದ್ದಳು, ತಂದವನನ್ನು ಶಪಿಸುತ್ತಿದ್ದಳು. ಪಕ್ಕದಲ್ಲಿಯೇ ನಿಂತಿದ್ದರೂ ನಿಜ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.